ಸೀತಾರಾಮಪ್ಪನವರ ಒಪೆಲ್ ಕಾರು
ಸಾಗರದ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ವಿಲಾಯತಿ ಕಾರುಗಳ ಮಾತೆದ್ದರೆ ಸೀತಾರಾಮಪ್ಪನವರನ್ನು ಹಿಡಿಯುವವರಿಲ್ಲ. ತೀರ್ಥಹಳ್ಳಿಯ ದುಗ್ಗಪ್ಪ ತನ್ನ ಇಂಗ್ಲೆಂಡಿನ ಮಾರಿಸ್ ಕಾರನ್ನು ಹೊಗಳಿದರೆ, "ಅದು ಮದುವೆ ದಿಬ್ಬಣಕ್ಕೆ ಚಂದ ಮಾರಾಯ, ಘಟ್ಟ ಹತ್ತೋಕೆ ಜರ್ಮನಿ ಒಪೆಲ್ಲೇ ಆಗ್ಬೇಕು" ಎಂದು ಇನ್ನೊಂದು ಕಾಫಿ ತರಿಸುತ್ತಾರೆ. ಜೋಗ ನೋಡಲು ಹೊರಟ ಪರದೇಶದ ಕಾರು ಕಂಡರೆ, ಒಳಗಿದ್ದವರನ್ನು ಬಿಟ್ಟು ಬಾನೆಟ್ಟಿಗೆ ನಮಸ್ಕಾರ ಹೇಳುತ್ತಾರೆ. ತಮ್ಮ ಮುದಿ ಒಪೆಲ್ ಹೊರಡದಿದ್ದರೆ ತಪ್ಪು ಪೆಟ್ರೋಲಿನದು, ಚಳಿಯದು, ಇಲ್ಲವೇ ತಳ್ಳಿದವರದು, ಕಾರಿನದಂತೂ ಅಲ್ಲ. ಶರಾವತಿಗೆ ಅಣೆಕಟ್ಟು ಕಟ್ಟಿ ತಮ್ಮ ಊರು ಮುಳುಗುವಾಗ ಭತ್ತದ ಕಣಜವನ್ನೇ ಬಿಟ್ಟು, ಕೆಟ್ಟು ನಿಂತಿದ್ದ ಇದನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದರೆಂದು ಇಡೀ ಪೇಟೆ ನಗುತ್ತದೆ. ಹೆಂಡತಿ ಶೇಷಮ್ಮ ಮಾತ್ರ ನಗುವುದಿಲ್ಲ. ಮುಳುಗುವ ಮೊದಲು ಆ ಊರ ತಿರುವಿನಲ್ಲಿ ಇದರ ಹಾರ್ನ್ ಕೇಳಿದೊಡನೆ ಅವರು ಕಾಫಿಗೆ ನೀರಿಡುತ್ತಿದ್ದರು. ಈಗಲೂ ಭಾನುವಾರ ಇಬ್ಬರೂ ಆ ಊರಿನ ಹಳೆಯ ರಸ್ತೆ ಹಿಡಿದು, ಅದು ನೀರಿನೊಳಗೆ ಇಳಿಯುವ ಜಾಗದವರೆಗೆ ಹೋಗುತ್ತಾರೆ. ಅಲ್ಲಿ ಕಾರು ನಿಲ್ಲಿಸಿ ಸೀತಾರಾಮಪ್ಪ ಹಿನ್ನೀರಿನ ಕಡೆಗೆ ಉದ್ದಕ್ಕೆ ಒಂದು ಹಾರ್ನ್ ಹೊಡೆಯುತ್ತಾರೆ. ಪಕ್ಕದಲ್ಲೇ ಕುಳಿತ ಶೇಷಮ್ಮ, "ಬಂದ್ರಾ?" ಎಂದು ಕೇಳಿ, ಮಡಿಲಲ್ಲಿರುವ ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ.