ನೋಡದೇ ಬಣ್ಣಿಸಿದ ಮುಂಬಯಿ

ಮೊನ್ನೆ ತಾಂಡೂರಿನ ಕ್ಷೌರದಂಗಡಿಯಲ್ಲಿ ಕುಳಿತಿದ್ದೆ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸಮುದ್ರ. ನೀಲಿಯನ್ನು ಕೊಂಚ ಧಾರಾಳವಾಗಿಯೇ ಬಳಿದಿದ್ದರು. ಕತ್ತರಿ ಆಡಿಸುತ್ತಿದ್ದವನು, ‘ನೀವು ಸಮುದ್ರ ನೋಡೀರೇನ್ರಿ?’ ಎಂದ. ‘ಒಮ್ಮೆ ನೋಡೀನಿ’ ಎಂದೆ. ಇದರಲ್ಲೇನು ವಿಶೇಷ ಎಂದು ನಿಮಗೆ ಅನ್ನಿಸಬಹುದು. ಆದರೆ ಇಷ್ಟು ಚಿಕ್ಕ ಉತ್ತರ ಕೊಡುವುದನ್ನು ಕಲಿಯಲು ನನಗೆ ಒಂದು ಪ್ರಯಾಣವೇ ಬೇಕಾಯಿತು. ಕಲಿಸಿದವಳು ನನ್ನ ಹೆಂಡತಿ ಗುರುಬಾಯಿ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ನಾನು ತಾಂಡೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಟಿಕೆಟ್ ಕಿಂಡಿಯ ಹಿಂದೆ ಕುಳಿತವನಿಗೆ ಎಲ್ಲ ಊರೂ ಗೊತ್ತು ಎಂದು ಜನ ನಂಬುತ್ತಾರೆ. ತೊಗರಿಯ ವ್ಯಾಪಾರಕ್ಕೆ ಮುಂಬಯಿಗೆ ಹೊರಟವರು ಕಿಂಡಿಗೆ ಮುಖ ಹಚ್ಚಿ, ಎಲ್ಲಿ ಇಳಿದುಕೊಳ್ಳಬೇಕು, ಎಲ್ಲಿ ಊಟ ಛಲೋ ಎಂದು ಕೇಳುತ್ತಿದ್ದರು. ಹೋಗಿ ಬಂದವರಿಂದ ಕೇಳಿದ್ದನ್ನು ಹೋಗುವವರಿಗೆ ಹೇಳುತ್ತಿದ್ದೆ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಮನೆಗೆ ಬಂದು ರೊಟ್ಟಿ ಮುರಿಯುತ್ತಾ, ಕಣ್ಣಾರೆ ಕಂಡವನ ಹಾಗೆ ಅವ್ವನಿಗೂ ಹೆಂಡತಿಗೂ ಅದನ್ನೇ ಬಣ್ಣಿಸತೊಡಗಿದೆ. ಮದುವೆಗೆ ಮುಂಚೆ ವಾಡಿ ಜಂಕ್ಷನ್ನಿನಲ್ಲಿ ನೌಕರಿ ಮಾಡುವಾಗ ಅಲ್ಲಿಂದಲೇ ಎರಡು ಸಲ ಹೋಗಿ ಬಂದೆ ಎಂದು ಒಂದು ದಿನ ಅಂದುಬಿಟ್ಟೆ. ವರ್ಷ ಕಳೆಯುವಷ್ಟರಲ್ಲಿ ಅದು ಮೂರು ಸಲವಾಯಿತು. ಖರೆ ಹೇಳಬೇಕೆಂದರೆ, ನಾನು ವಾಡಿ ದಾಟಿದವನೇ ಅಲ್ಲ.

ಗುರುಬಾಯಿಯ ತವರು ಮರಾಠಿ ಸೀಮೆಗೆ ಹತ್ತಿದ ಕಂಗ್ಟಿ ಕಡೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಕನ್ನಡದಷ್ಟೇ ಸಲೀಸಾಗಿ ಮರಾಠಿ ಆಡುತ್ತಿದ್ದಳು. ಬೇಕೆಂದರೆ ಉರ್ದು, ತೆಲುಗು. ನಾನು ಮುಂಬಯಿ ಹೇಳತೊಡಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಿದ್ದಳು. ಹೀಗೆ ಆರು ವರ್ಷ ಕೇಳಿದಳು. ಆ ಆರು ವರ್ಷದಲ್ಲಿ ನಾವಿಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಒಂದು ಸಂಜೆ ನಾನು ಉಣ್ಣುತ್ತಿರುವಾಗ ಅವ್ವನಿಗೆ ಹೇಳಿದಳು:

‘ಅತ್ತಿ, ಇವರಿಗಿ ಅಲ್ಲಿ ಎಲ್ಲಾ ಗಲ್ಲಿ ಗೊತ್ತವ. ನನಗ ಒಮ್ಮೆ ಸಮುದ್ರ ತೋರ್ಸಿ ಕರ್ಕೊಂಡ್ ಬರ್ಲಿ.’

‘ನೌಕರಿದು ರೈಲಿನ ಪಾಸ್ ಅದ, ಗೊತ್ತಿದ್ದ ಊರು. ಹೋಗಿ ಬಾ’ ಎಂದಳು ಅವ್ವ.

ನಾನು ತಲೆ ಎತ್ತದೆ ಇನ್ನೊಂದು ರೊಟ್ಟಿ ಮುರಿದೆ.

ಆಗ ನಮ್ಮ ಸೀಮೆಯಲ್ಲಿ ವಾರದ ರಜೆ ಶುಕ್ರವಾರ. ಅದರ ಜೊತೆಗೆ ಹಿಂದೊಂದು, ಮುಂದೆರಡು ದಿನ ಸೇರಿಸಿ ರಜೆ ಹಾಕಿದೆ. ವಾಡಿಯಲ್ಲಿ ಗಾಡಿ ಬದಲಿಸಿ, ಶುಕ್ರವಾರ ಬೆಳಿಗ್ಗೆ ಮುಂಬಯಿಯ ಬೋರಿಬಂದರ್ ಸ್ಟೇಷನ್ನಿನಲ್ಲಿ ಇಳಿದೆವು. ಎಷ್ಟು ಜನ ಅಂತೀರಿ. ನಮ್ಮ ಸಂತೆಯಲ್ಲಿ ಜನ ನಿಲ್ಲಲು ಬರುತ್ತಾರೆ. ಅಲ್ಲಿ ಎಲ್ಲರೂ ಹೋಗುತ್ತಲೇ ಇದ್ದರು. ಹತ್ತಿರದ ಧರ್ಮಶಾಲೆಯಲ್ಲಿ ಗಂಟು ಇಟ್ಟು ಹೊರಬಿದ್ದಾಗ ಗುರುಬಾಯಿ, ‘ಸಮುದ್ರ ಯಾವ ಕಡಿಗಿರಿ?’ ಎಂದಳು. ನಾನು ಒಂದಿಷ್ಟೂ ಅನುಮಾನಿಸದೆ ಬಲಗಡೆ ತಿರುಗಿದೆ.

ಒಂದು ತಾಸು ನಡೆದೆವು. ಬಟ್ಟೆ ಅಂಗಡಿ ಬಂತು, ತಾಮ್ರದ ಪಾತ್ರೆಯ ಅಂಗಡಿ ಬಂತು, ಮತ್ತೆ ಬಟ್ಟೆ ಅಂಗಡಿ ಬಂತು. ‘ಈಗ ಎಲ್ಲಾ ಬದಲಾಗ್ಯಾದ’ ಎಂದು ಮೆಲ್ಲಗೆ ಅಂದೆ. ಅವಳು ಸುತ್ತ ಒಮ್ಮೆ ಕಣ್ಣಾಡಿಸಿದಳು. ರಸ್ತೆಯ ಬದಿಗೆ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಮೀನು ಮಾರುವವಳ ಹತ್ತಿರ ಹೋಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮರಾಠಿಯಲ್ಲಿ ಮಾತಾಡಿಸಿದಳು. ಆ ಹೆಂಗಸು ಮೊದಲು ಆ ಸೆರಗನ್ನು ನೋಡಿ ನಕ್ಕಳು, ಆಮೇಲೆ ನಾವು ಬಂದ ದಾರಿಯ ಕಡೆಗೇ ಕೈ ತೋರಿಸಿದಳು. ಅಲ್ಲಿಂದ ಮುಂದೆ ಗುರುಬಾಯಿ ಮುಂದೆ, ನಾನು ಹಿಂದೆ. ಯಾವ ಟ್ರಾಮು, ಎಲ್ಲಿ ಇಳಿಯಬೇಕು, ಎಲ್ಲವನ್ನೂ ಅವಳೇ ಕೇಳಿಕೊಂಡಳು. ಆರು ವರ್ಷದಿಂದ ಮೆತ್ತಿಕೊಂಡಿದ್ದ ದೊಡ್ಡಸ್ತಿಕೆ ಒಂದೊಂದು ಮೂಲೆಯಲ್ಲೂ ಚೂರುಚೂರಾಗಿ ಉದುರುತ್ತಿತ್ತು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಚೌಪಾಟಿಯ ಮರಳಿಗೆ ಬಂದೆವು, ಎದುರಿಗೇ ಸಮುದ್ರ. ಅವಳು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಮೊಣಕಾಲು ಮುಳುಗುವವರೆಗೂ ನೀರಿಗಿಳಿದಳು. ತೆರೆ ಹಿಂದೆ ಸರಿಯುವಾಗ ವಾಲಿದಳು, ನೆಟ್ಟಗಾದಳು, ಮತ್ತೆ ವಾಲಿದಳು. ನಾನು ಎರಡು ಜೊತೆ ಚಪ್ಪಲಿ ಹಿಡಿದು ಒಣ ಮರಳಿನಲ್ಲೇ ನಿಂತಿದ್ದೆ. ಅವಳು ತಿರುಗಿ ನೋಡಿದಳು.

‘ನೀವು ಇಲ್ಲಿಗಿ ಎಂದೂ ಬಂದಿಲ್ಲ, ಹೌದಲ್ರೀ?’

‘ಇಲ್ಲ’ ಎಂದೆ. ‘ಈಗ ಗೊತ್ತಾತೇನು?’

‘ಮೊದ್ಲೇ ಗೊತ್ತಿತ್ತು. ನಮ್ಮ ಮಾಂಜ್ರಾ ಹೊಳಿ ಇಷ್ಟೇ ಇಷ್ಟದ, ಅದಕ್ಕೂ ಒಂದು ವಾಸನಿ ಅದ. ಆರು ವರ್ಷ ಸಮುದ್ರ ಹೇಳಿದ್ರಿ, ಒಂದು ದಿನಾನೂ ಅದರ ವಾಸನಿ ಹೇಳ್ಲಿಲ್ಲ.’

‘ಮತ್ತ ಯಾಕ ಸುಮ್ನಿದ್ದಿ?’

‘ದಿನಾ ದಣದು ಬರ್ತಿದ್ರಿ. ಅದು ಹೇಳುವಾಗ ಮುಖ ಅರಳ್ತಿತ್ತು. ನನಗೂ ಕೇಳಾಕ ಛಲೋ ಅನಸ್ತಿತ್ತು.’ ನೀರು ಕೊಡವುತ್ತಾ ಬಂದು ಚಪ್ಪಲಿ ಇಸಿದುಕೊಂಡಳು. ‘ನಾಳಿ ಇಬ್ಬರೂ ಕೂಡಿ ನೋಡೋಣ. ಗೊತ್ತಿಲ್ಲಂತ ಹೇಳಿದ್ರ ಯಾರು ಬೇಕಾದ್ರೂ ದಾರಿ ತೋರಸ್ತಾರ.’

ಅವಳು ಹೇಳಿದಂತೆಯೇ ಆಯಿತು. ಮರುದಿನ ಎರಡಂತಸ್ತಿನ ಟ್ರಾಮಿನ ಮೇಲೆ ಕುಳಿತು, ಅದು ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಕೊನೆಯವರೆಗೂ ಹೋದೆವು. ಇರಾನಿಯವನ ಹೋಟೆಲಿನಲ್ಲಿ, ಕಲ್ಲುಹಾಸಿನ ಮೇಜಿಗೆ ಎದುರುಬದುರಾಗಿ ಕುಳಿತು ಚಹಾ ಕುಡಿದೆವು. ಮನೆಯಲ್ಲಿ ಹಾಗೆ ಎದುರಿಗೆ ಕುಳಿತು ಒಟ್ಟಿಗೆ ಏನನ್ನೂ ತಿಂದವರಲ್ಲ. ಅವಳಿಗೆ ನಗುವಾಗ ಕೆನ್ನೆಯ ಒಂದೇ ಕಡೆ ಗುಳಿ ಬೀಳುತ್ತದೆಂದು ನಾನು ಕಂಡದ್ದು ಅಲ್ಲಿ.

ಊರಿಗೆ ಬರುವಾಗ ಮತ್ತೆ ಅಳುಕು ಶುರುವಾಯಿತು. ಗುರುಬಾಯಿ ನನ್ನ ಗುಟ್ಟು ಬಿಟ್ಟುಕೊಡುವವಳಲ್ಲ ಎಂಬುದು ಗೊತ್ತಿತ್ತು, ಕಷ್ಟವಾದದ್ದು ಅದೇ. ನನ್ನ ಸುಳ್ಳನ್ನು ಅವಳು ಇನ್ನೆಷ್ಟು ವರ್ಷ ಹೊರಬೇಕು? ಹೊಸ್ತಿಲು ದಾಟುತ್ತಲೇ ಅವ್ವ, ‘ಮುಂಬಯಿ ಮೊದ್ಲಿನಂಗೇ ಅದೇನೋ?’ ಎಂದಳು.

‘ಅವ್ವಾ, ನಾನೂ ಇದೇ ಮೊದಲ ಸಲ ನೋಡಿದ್ದು’ ಎಂದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, ‘ನೀ ಹೇಳವ್ವ, ಹೆಂಗದ?’ ಎಂದು ಪಕ್ಕಕ್ಕೆ ಕೂರಿಸಿಕೊಂಡಳು. ಅಂದಿನಿಂದ ಕಿಂಡಿಯಲ್ಲಿ ಯಾರಾದರೂ ಮುಂಬಯಿಯ ಸುದ್ದಿ ಎತ್ತಿದರೆ, ‘ನಮ್ಮ ಮನ್ಯಾಗ ಕೇಳ್ರಿ’ ಎನ್ನುತ್ತಿದ್ದೆ. ಅವರೂ ಬಂದು ಕೇಳುತ್ತಿದ್ದರು.

ಈಗ ನಮಗಿಬ್ಬರಿಗೂ ವಯಸ್ಸಾಗಿದೆ. ಗುರುಬಾಯಿಗೆ ಕಣ್ಣು ಮಂಜಾಗಿ ನಾಲ್ಕು ವರ್ಷ. ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ. ಕ್ಷೌರದಂಗಡಿಯಿಂದ ಬಂದಾಗ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಕುಳಿತೆ. ‘ಯಾರ ಹೊಂಟಾರ್ರಿ?’ ಎಂದಳು.

‘ಇಬ್ಬರು ಹೆಣ್ಮಕ್ಕಳು. ಒಬ್ಬಾಕಿ ಬಗಲಾಗ ಮೇಕಿಮರಿ. ಮರಿ ಆಕಿ ಸೆರಗು ತಿನ್ನಾಕತ್ತಾದ, ಆಕಿಗಿ ಗೊತ್ತಿಲ್ಲ.’

ಅವಳು ನಕ್ಕಳು. ‘ಎಲ್ಲಿಗಿ ಹೊಂಟಾರ?’

‘ಅದು ನನಗ ಗೊತ್ತಿಲ್ಲ’ ಎಂದೆ.

‘ಇರ್ಲಿ’ ಎಂದು ನನ್ನ ಕಡೆ ಸರಿದು ಕುಳಿತಳು. ‘ಮತ್ತೇನ್ ಕಾಣ್ತದ, ಹೇಳ್ರಿ.’