ತಾಡಪತ್ರಿಯ ಅಂಚಿಗೆ ಬಂದ ಚಂಡಮಾರುತ

ಕನಕಗಿರಿಯಿಂದ ಗಂಗಾವತಿಗೆ ಹೊರಟ ನಮ್ಮ ಬಸ್ಸು ನಡುದಾರಿಯಲ್ಲಿ ನಿಂತಿತು. ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ಎಲ್ಲೋ ಬಂಗಾಳಕೊಲ್ಲಿಯಲ್ಲಿ ಎದ್ದ ಚಂಡಮಾರುತ ಇಲ್ಲಿಯವರೆಗೂ ಮೋಡ ಚಾಚಿ ಮಧ್ಯಾಹ್ನವನ್ನು ಕಪ್ಪಾಗಿಸಿತ್ತು.

“ಎಲ್ಲಾರೂ ಇಳೀರಿ, ತೊಯ್ದ್ರ ನೆಲ್ಲು ಮೊಳಕಿ ಒಡಿತೈತಿ!” ಡ್ರೈವರ್ ಕೂಗಿದ.

ಯಾರೂ ಗೊಣಗಲಿಲ್ಲ. ಬಸ್ಸಿಗೆ ಬಸ್ಸೇ ಇಳಿದು ಭತ್ತವನ್ನು ಗುಡ್ಡೆ ಹಾಕಿತು. ಗುಡ್ಡೆಗೆ ಹೊದಿಸುವ ತಾಡಪತ್ರಿಯ ಒಂದು ತುದಿ ನನ್ನ ಕೈಗೆ ಬಂತು. ಇನ್ನೊಂದನ್ನು ಭತ್ತದ ಒಡತಿ ಹಿಡಿದಿದ್ದಳು.

“ಸಮುದ್ರ ನೋಡಿದ್ದೀಯೇನವ್ವಾ?” ಎಂದೆ.

“ಇಲ್ರಿ. ಸುಗ್ಗಿ ಬಂತಂದ್ರ ಅದ ಬರ್ತೈತ್ರಿ, ನಮ್ಮನ್ನ ನೋಡಾಕ.”

ಅಷ್ಟರಲ್ಲಿ ಗಾಳಿ ತಾಡಪತ್ರಿಯನ್ನು ಹಾಯಿಯಂತೆ ಎತ್ತಿತು. ಹಾರಿಹೋಗದಿರಲೆಂದು ಕಂಡಕ್ಟರ್ ಸಮೇತ ಎಲ್ಲರೂ ಸುತ್ತಲೂ ಅದರ ಅಂಚಿನ ಮೇಲೆ ಕೂತೆವು. ಮಳೆ ಬೆನ್ನಿಗೆ ಬಡಿಯಿತು. ತುಟಿಗೆ ಬಿದ್ದ ಹನಿಯಲ್ಲಿ ನಾನು ಉಪ್ಪು ಹುಡುಕಿದೆ.