ಹದಿನಾಲ್ಕು ತಾಸಿನ ಫಿಲ್ಟರ್

ಗೆಳೆಯರೇ, ಇಂದು ಮಧ್ಯಾಹ್ನ ನಾನು ಹೋಗಿದ್ದ ಮುದ್ದೇಬಿಹಾಳದ ವಿಡಿಯೊ ಅಂಗಡಿಯೊಂದರಲ್ಲಿ ಗಣಪತಿಯ ವಿಷಯಕ್ಕೆ ಜಗಳವಾಯಿತು. ತಾಳಿಕೋಟೆಯ ಶಾಂತಕ್ಕ ತಮ್ಮ ಮದುವೆಯ ಹಳೆಯ ಕ್ಯಾಸೆಟ್ ತಂದಿದ್ದರು. ತೀರಿಹೋದ ತಾಯಿ ಓಡಾಡುವುದು ಕಾಣಸಿಗುವುದು ಅದೊಂದರಲ್ಲೇ, ಆದರೆ ಮುಖವೆಲ್ಲ ಮಸುಕು. ಅಂಗಡಿಯ ಮಲ್ಲಣ್ಣ ಅದನ್ನು ಕಂಪ್ಯೂಟರಿಗೆ ಇಳಿಸಿ, ಚಿತ್ರ ತಿಳಿಗೊಳಿಸುವ ಫಿಲ್ಟರ್ ಹಚ್ಚಿದ್ದ. ಇನ್ನೂ ಹದಿನಾಲ್ಕು ತಾಸು ಬೇಕೆಂದು ಪರದೆ ಹೇಳುತ್ತಿತ್ತು.

“ಅಷ್ಟೊತ್ತು ಕರೆಂಟ್ ಯಾರಪ್ಪ ಕೊಡ್ತಾರ ನಿನಗ? ನಮ್ಮವ್ವ ಬರೂದು ಕಡೀಕ, ಬಟ್ಟಿ ಆಯೇರ ಮಾಡುವಾಗ. ಅಷ್ಟ ಮಾಡಿ ಕೊಡು,” ಎಂದರು ಶಾಂತಕ್ಕ.

“ಮದುವಿ ಸಿಡಿ ಗಣಪತಿ ಫೋಟೋದಿಂದಾನ ಸುರು ಆಗಬೇಕ್ರಿ ಅಕ್ಕಾರ. ನಡುವಿಂದ ಹಿಡದ್ರ ಅಪಶಕುನ.”

“ಮದುವಿ ಆಗಿ ಎರಡು ಮಕ್ಕಳಾಗ್ಯಾವು, ಇನ್ನೇನು ಶಕುನ ನೋಡ್ತಿ? ಗಣಪ್ಪಗ ನಾ ಮನ್ಯಾಗ ಕೈ ಮುಗೀತೇನಿ. ನೀ ಅವ್ವನ ಮಾರಿ ತೋರ್ಸು.”

ಮಲ್ಲಣ್ಣ ಗೊಣಗುತ್ತಲೇ ಆ ತುಣುಕನ್ನಷ್ಟೇ ಬೇರೆ ಮಾಡಿ ಫಿಲ್ಟರಿಗೆ ಕೊಟ್ಟ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಬಟ್ಟೆಯ ಉಡುಗೊರೆ ಕೊಡುವ ಆ ಆಯೇರದ ಹೊತ್ತಿನಲ್ಲಿ ತಾಯಿ ಅಳುತ್ತಿದ್ದರೆಂದೇ ಶಾಂತಕ್ಕ ಇಷ್ಟು ವರ್ಷ ನಂಬಿದ್ದರು. ತಿಳಿಯಾದ ಚಿತ್ರದಲ್ಲಿ ಆ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದರು.

“ಅಯ್ಯ ನಮ್ಮವ್ವಾ! ನಮ್ಮನಿಯವರ ತಲಿಗೆ ಸುತ್ತಿದ ರುಮಾಲು ಮೂಗಿಗೆ ಇಳದೈತಿ, ಅದನ್ನ ನೋಡಿ ನಗಾಕತ್ತಾಳ!” ಎಂದು ಶಾಂತಕ್ಕ ಕಣ್ಣೊರೆಸಿಕೊಳ್ಳುತ್ತ ತಾವೂ ನಕ್ಕರು. ಮತ್ತೊಮ್ಮೆ ಹಾಕಿಸಿ ನೋಡಿದರು. ಸಿಡಿ ಹಿಡಿದು ಬಸ್ಸಿಗೆ ಓಡಿದರು.

ಅತ್ತೆ ತನ್ನನ್ನು ನೋಡಿ ನಕ್ಕಿದ್ದ ಸುದ್ದಿ ಈ ಹೊತ್ತಿಗೆ ಆ ಅಳಿಯನಿಗೆ ಮುಟ್ಟಿರಬೇಕು.